ಎಂಟುನೂರ ಇಪ್ಪತ್ತನಾಲ್ಕು ಕುರಿಗಳ ಭಾಗಾಕಾರ ತಪ್ಪಿದ ಬಗ್ಗೆ

ದಿನಾಂಕ: 03-02-2025

ಇಂದ:
ಸುನಂದಾ, ಸಹಶಿಕ್ಷಕಿ, ನಾಲ್ಕನೆಯ ತರಗತಿ,
ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, ಕರಿಗಲ್ಲಮರಡಿ,
ತಾ. ಹುನಗುಂದ, ಜಿ. ಬಾಗಲಕೋಟೆ

ಗೆ:
ಮಾನ್ಯ ಮುಖ್ಯ ಮಾಪಕರು,
ಶಿಕ್ಷಕರ ಗುಣಮಟ್ಟ ಮಾಪನ ಕೋಶ

ವಿಷಯ: ಅರ್ಜಿದಾರಳಿಗೆ ನೀಡಿದ ‘ಸಿ’ ಶ್ರೇಣಿಯನ್ನು ಹಾಗೆಯೇ ಉಳಿಸಿ, ಷರಾದಲ್ಲಿ ಒಂದು ತಿದ್ದುಪಡಿ ಮಾಡುವ ಕುರಿತು.

ಉಲ್ಲೇಖ: 1) ತಮ್ಮ ಗುಣಮಟ್ಟ ಪತ್ರಿಕೆ, ದಿನಾಂಕ 21-01-2025. 2) ಐದು ದಿನಗಳ ಭಾಗಾಕಾರ ತರಬೇತಿಗೆ ಹಾಜರಾಗಲು ಬಂದ ಆದೇಶ.

ಮಾನ್ಯರೇ,

1. ಅರ್ಜಿದಾರಳು ಹತ್ತೊಂಬತ್ತು ವರ್ಷಗಳಿಂದ ಇಳಕಲ್ಲಿನಿಂದ ಬಸ್ಸಿನಲ್ಲಿ ಬಂದು ಪಾಠ ಮಾಡುತ್ತಿದ್ದಾಳೆ. ಸದರಿ ತರಗತಿಯಲ್ಲಿ ವಿದ್ಯಾ ಎಂಬ ವಿದ್ಯಾರ್ಥಿನಿ ಇದ್ದು, ತಂದೆ ಅಮಸಿದ್ದಪ್ಪ ಕುರಿ ಕಾಯುವವರಾದ ಕಾರಣ, ಹಿಂಡಿನ ಜೊತೆ ಊರೂರು ಸುತ್ತಿ ಶಾಲೆಗಿಂತ ಹೊಲವನ್ನೇ ಹೆಚ್ಚು ಕಂಡವಳು. ಏನು ಕೇಳಿದರೂ ಒಂದೇ ಉತ್ತರ: “ನನಗ ಬರೂದಿಲ್ರಿ ಅಕ್ಕೋರ.” ಜೂನ್‌ನಲ್ಲಿ ಅಮಸಿದ್ದಪ್ಪ ಶಾಲೆಗೆ ಬಂದು, “ಇದೊಂದು ವರ್ಷ ನೋಡ್ತೇನ್ರಿ. ಸಾಲ್ಯಾಗ ಬಾಯೇ ತಗೀಲಿಲ್ಲಂದ್ರ ಕುರಿ ಕೂಡ ಕರಕೊಂಡು ಹೋಗ್ತೇನಿ” ಎಂದು ಹೇಳಿ ಹೋಗಿದ್ದರು.

2. ತಪ್ಪಾದೀತೆಂಬ ಹೆದರಿಕೆಯೇ ಹುಡುಗಿಯ ಬಾಯಿ ಕಟ್ಟಿದೆ ಎಂದು ಅರ್ಜಿದಾರಳಿಗೆ ಅನಿಸಿತು. ಆದ್ದರಿಂದ ಜುಲೈನಿಂದ ದಿನಕ್ಕೊಂದು ತಪ್ಪನ್ನು ಬೇಕೆಂದೇ ಹಲಗೆಯ ಮೇಲೆ ಬರೆಯತೊಡಗಿದಳು. ಹಿಡಿದವರಿಗೆ ಸೀಮೆಸುಣ್ಣ. ಮಕ್ಕಳೆಲ್ಲ ಹಿಡಿದರು, ಅರ್ಜು ಎಂಬವನು ಇಲ್ಲದ ತಪ್ಪನ್ನೂ ಹಿಡಿದನು. ಹಿಂದಿನ ಸಾಲಿನ ವಿದ್ಯಾ ಮಾತ್ರ ಆರು ತಿಂಗಳು ತುಟಿ ಬಿಚ್ಚಲಿಲ್ಲ.

3. ತಮ್ಮ ಕೋಶದವರು ಪಾಠದ ಮಾಪನಕ್ಕೆ ಬಂದ ದಿನ ಮುಖ್ಯಗುರು ಕಾಶಪ್ಪನವರು ಬಾಗಿಲಲ್ಲೇ ತಡೆದು, “ಸುನಂದಾ ಬಾಯಾರ, ಇವತ್ತೊಂದಿನ ತಪ್ಪು ಮಾಡಬ್ಯಾಡ್ರಿ, ಕೈ ಮುಗೀತೇನಿ” ಎಂದರು. ಸುಮ್ಮನಿರುವಂತೆ ಮಕ್ಕಳಿಗೂ ತಾಕೀತಾಯಿತು.

4. ಮಾಪಕರಾದ ಸಂತೋಷಕುಮಾರ ಅವರು ಸಭ್ಯರು. ಟ್ಯಾಬ್ ಹಿಡಿದು ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆಯೇ ಕುಳಿತರು. ಅವರು ಏನೋ ಒತ್ತಿದಾಗಲೆಲ್ಲ ಅರ್ಜಿದಾರಳ ಗಮನ ಅತ್ತಲೇ ಹೋಗುತ್ತಿದ್ದ ಕಾರಣ, 824ನ್ನು 8ರಿಂದ ಭಾಗಿಸಿ 13 ಎಂದು ಬರೆದಳು. ಅರ್ಜು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡನು. ಆಗ ಹಿಂದಿನಿಂದ ಒಂದು ಸಣ್ಣ ದನಿ:

“ಅಕ್ಕೋರ, ಎಂಟನೂರಾ ಇಪ್ಪತ್ನಾಕು ಕುರಿ ಎಂಟು ಮಂದಿ ಹಂಚಿಕೊಂಡ್ರ ಒಬ್ಬೊಬ್ಬರಿಗೆ ಬರೇ ಹದಿಮೂರೇನ್ರಿ? ಉಳಿದ ಕುರಿ ಎಲ್ಲಿ ಹೋದ್ವು?”

ವಿದ್ಯಾ ಎದ್ದು ಬಂದು ಒಂದು ಮತ್ತು ಮೂರರ ನಡುವೆ ಸೊನ್ನೆ ಸೇರಿಸಿದಳು. ತರಗತಿ ಚಪ್ಪಾಳೆ ಹೊಡೆಯಿತು. ಅರ್ಜಿದಾರಳು ಕಣ್ಣೊರೆಸಿಕೊಂಡದ್ದು ಸೀಮೆಸುಣ್ಣದ ಧೂಳಿನಿಂದ ಎಂದು ದಾಖಲಿಸಿಕೊಳ್ಳಬಹುದು.

5. ಹೊರಡುವಾಗ ಸಂತೋಷಕುಮಾರ ಅವರು, “ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ. ಆದ್ರ ಅದನ್ನ ಬರಿಯಾಕ ಇದರಾಗ ಜಾಗಾ ಇಲ್ರಿ” ಎಂದು ಟ್ಯಾಬ್ ತೋರಿಸಿ ನೊಂದುಕೊಂಡರು. ತರುವಾಯ ಬಂದ ಪತ್ರಿಕೆಯಲ್ಲಿ ವಿಷಯಜ್ಞಾನಕ್ಕೆ ಐದಕ್ಕೆ ಒಂದು, ತರಗತಿ ನಿರ್ವಹಣೆಗೂ ಒಂದು ಅಂಕ. ಷರಾ: “ಭಾಗಾಕಾರದಲ್ಲಿ ತರಬೇತಿ ಅವಶ್ಯ. ಒಬ್ಬ ವಿದ್ಯಾರ್ಥಿನಿ ನಡುವೆ ಬಾಯಿ ಹಾಕಿದ್ದರಿಂದ ಪಾಠಕ್ಕೆ ಅಡ್ಡಿಯಾಯಿತು.”

6. ಕಾಶಪ್ಪನವರು ಒಂದು ದಾರಿ ತೋರಿಸಿದರು. “ಬೇಕಂತನ ತಪ್ಪು ಬರದಿದ್ದೆ ಅಂತ ಬರದು ಕೊಡ್ರಿ. ಇಡೀ ವರ್ಗ ಸಾಕ್ಷಿ ಐತಿ. ‘ಎ’ ಬರತೈತಿ.” ಅರ್ಜಿದಾರಳು ಅಂಥ ಅರ್ಜಿಯನ್ನು ಅರ್ಧ ಬರೆದೂ ಇದ್ದಳು. ಅಷ್ಟರಲ್ಲಿ ವಿದ್ಯಾ ಮೇಜಿನ ಹತ್ತಿರ ಬಂದು ನಿಂತಳು.

“ಅಕ್ಕೋರ, ಅವತ್ತಿನ ತಪ್ಪೂ ನೀವು ಬೇಕಂತ ಮಾಡಿದ್ದೇನ್ರಿ?”

ಹೌದೆಂದರೆ ಶ್ರೇಣಿ ಏರುತ್ತಿತ್ತು. ಹುಡುಗಿ ಮೇಜಿನ ಅಂಚು ಹಿಡಿದು ಕಾಯುತ್ತಿದ್ದಳು.

“ಇಲ್ಲವ್ವ. ಖರೇನ ತಪ್ಪಿದ್ದೆ. ನೀನ ಹಿಡದಿ.”

ವಿದ್ಯಾ ಅಂಗಳಕ್ಕೆ ಓಡಿ, “ನಾ ಖರೇ ತಪ್ಪು ಹಿಡದೇನ್ರಲೇ!” ಎಂದು ಕೂಗಿದ್ದು ಅಡುಗೆಕೋಣೆಯವರೆಗೆ ಕೇಳಿಸಿತು. ಅರ್ಜಿದಾರಳು ಆ ಅರ್ಜಿಯನ್ನು ಹರಿದು, ಇದನ್ನು ಬರೆಯಲು ಕುಳಿತಳು.

7. ಆದ್ದರಿಂದ, ಸದರಿ ತಪ್ಪು ಸಂಪೂರ್ಣ ಅಸಲಿ ಎಂದು ಈ ಮೂಲಕ ದೃಢೀಕರಿಸಲಾಗಿದೆ. ‘ಸಿ’ ಶ್ರೇಣಿಯನ್ನು ಅರ್ಜಿದಾರಳು ಒಪ್ಪಿಕೊಂಡಿದ್ದು, ತರಬೇತಿಗೆ ತಪ್ಪದೆ ಹಾಜರಾಗುವಳು.

ಭಾಗಾಕಾರದ ಹೊರತು ಉಳಿದೆಲ್ಲದರಲ್ಲಿ ತಮ್ಮ ವಿಶ್ವಾಸಿ,
(ಸುನಂದಾ)

ಲಗತ್ತುಗಳು:
ಅ) ಗುಣಮಟ್ಟ ಪತ್ರಿಕೆಯ ನಕಲು. (ಒಟ್ಟು ಅಂಕಗಳ ಕೂಡಿಕೆಯನ್ನು ಪೆನ್ಸಿಲ್ಲಿನಲ್ಲಿ ತಿದ್ದಿದವಳು ಅರ್ಜಿದಾರಳಲ್ಲ. ಎರಡು ಅಂಕ ಹೆಚ್ಚಾದರೂ ಶ್ರೇಣಿ ‘ಸಿ’ಯೇ ಇರುತ್ತದೆ.)
ಆ) ಹರಿದ ಅರ್ಜಿ, ಎರಡು ತುಂಡು.

ಕೊನೆಯ ಕೋರಿಕೆ: ಷರಾದಲ್ಲಿ “ಒಬ್ಬ ವಿದ್ಯಾರ್ಥಿನಿ” ಎಂದಿರುವಲ್ಲಿ “ವಿದ್ಯಾ ಅಮಸಿದ್ದಪ್ಪ” ಎಂದು ಪೂರ್ಣ ಹೆಸರು ನಮೂದಿಸಿ, ಸಹಿ ಮೊಹರಿನೊಂದಿಗೆ ಒಂದು ಪ್ರತಿಯನ್ನು ಆಕೆಯ ತಂದೆಗೆ ಕಳಿಸಬೇಕು. ಅವರಿಗೆ ಓದಲು ಬಾರದ ಕಾರಣ, ವಿದ್ಯಾಳೇ ಓದಿ ಹೇಳುವಳು.