ಒಣದ್ರಾಕ್ಷಿ ಬಣ್ಣದ ಯುದ್ಧನೌಕೆ

ನನ್ನ ಮೈದುನನ ಬಳಿ ಒಂದು ಆಕಾಶಸೇನೆಯೇ ಇದೆ. ನೀವು ನಮ್ಮ ಮನೆಗೆ ಬಂದರೂ ತೋರಿಸಲಾರೆ; ಯಾರಿಗೂ ಕಾಣಬಾರದೆಂದೇ ಅವನು ಅದಕ್ಕೆ ಬಣ್ಣ ಬಳಿದಿದ್ದಾನೆ!

ವಿಜಯಪುರದ ಬಿಸಿಲು ತಲೆಗೇರಿದೆ ಎಂದುಕೊಳ್ಳಬೇಡಿ. ಇದು ಮೇಜಿನ ಮೇಲಿನ ಆಟ. ಪುಟಾಣಿ ಅಂತರಿಕ್ಷ ನೌಕೆಗಳನ್ನು ಟೇಪಿನಿಂದ ಅಳೆದು ಸರಿಸುವುದು, ದಾಳ ಉರುಳಿಸಿ ಗುಂಡು ಹಾರಿಸುವುದು. ನಮ್ಮ ಮನೆಯಲ್ಲಿ ಅಂತರಿಕ್ಷವೆಂದರೆ ಮೇಜಿಗೆ ಹಾಸಿದ, ಅತ್ತೆಯವರು ಹಳೆಯ ಸೀರೆಗಳಿಂದ ಹೊಲಿದ ಕಪ್ಪು ಕೌದಿ. ನೌಕೆಗಳು ಅದರ ತೇಪೆಗಳಲ್ಲಿ ಕರಗಿಹೋಗಬೇಕಂತೆ.

"ಹಿಂಗ ಅಡಗಿದ್ರ ಆಟದಾಗ ಏನರ ಲಾಭ ಐತೇನು?" ಎಂದು ಕೇಳಿದೆ.

"ಏನೂ ಇಲ್ರಿ ವೈನಿ. ಆದ್ರ ಯುದ್ಧಕ್ಕೂ ಒಂದು ಮರ್ಯಾದಿ ಅಂತ ಇರತೈತಲ್ರಿ!"

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ತಾಳ್ಮೆ ಕಲಿಸಿದ್ದರು; ಪಾಪ, ಅವರಿಗೆ ಮೈದುನರಿರಲಿಲ್ಲ.

ಪ್ರತಿ ಭಾನುವಾರ ಬಬಲೇಶ್ವರದಿಂದ ಅವನ ಗೆಳೆಯ ಯುದ್ಧಕ್ಕೆ ಬರುತ್ತಾನೆ. ಒಮ್ಮೆ ತಿಕೋಟಾದ ಒಣದ್ರಾಕ್ಷಿಯನ್ನು ತಟ್ಟೆಯಲ್ಲಿಟ್ಟು ಮೇಜಿನ ಅಂಚಿಗಿಟ್ಟೆ. ಕೌದಿಯ ಕಂದು ತೇಪೆಗೆ ಹೊಂದಲೆಂದು ಆ ವಾರ ಮೈದುನನ ನೌಕೆಗಳೂ ಕಂದುಬಣ್ಣದವು! ಗೆಳೆಯ ದಾಳದ ಮೇಲೆ ಕಣ್ಣಿಟ್ಟು ಒಂದನ್ನು ಬಾಯಿಗೆ ಹಾಕಿಕೊಂಡು ಕಡಿದ.

"ವೈನಿ, ಇದರ ಬೀಜ ಭಾಳ ಗಟ್ಟಿ ಐತಲ್ರಿ!"

"ಉಗುಳಲೇ! ಅದು ನನ್ನ ಕಾವಲು ನೌಕಿ!"

ಅದನ್ನು ತೊಳೆದು ಒರೆಸಿ ಮತ್ತೆ ಯುದ್ಧಕ್ಕೆ ಕಳುಹಿಸಿದ್ದು ಯಾರು? ನಾನೇ!

ಇಷ್ಟೆಲ್ಲ ಮರೆಮಾಚಿದರೂ ಮೈದುನ ಒಮ್ಮೆಯೂ ಗೆದ್ದಿಲ್ಲ. ಸೇನಾಪತಿಯ ದೊಡ್ಡ ನೌಕೆ ಉರುಳಿದರೆ ಆಟವೇ ಮುಗಿಯಿತು. ಆ ಒಂದಕ್ಕೆ ಮಾತ್ರ ಮಹಾಶಯ ಬಳಿದದ್ದು ನನ್ನ ಕೆಂಪು ಉಗುರುಬಣ್ಣ! ಹೊಸ ಸೀಸೆ, ನಾನು ಒಂದು ಬೆರಳಿಗೂ ಹಚ್ಚಿರಲಿಲ್ಲ. ಗೆಳೆಯ ಪ್ರತಿಸಲ ಮೊದಲು ಅದಕ್ಕೇ ಗುರಿಯಿಡುತ್ತಾನೆ. ಸೋತ ಮೈದುನ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಲೇ ಇರುತ್ತಾನೆ, ತಿನ್ನುವುದಿಲ್ಲ.

ಕಳೆದ ಭಾನುವಾರ ಆಟದ ನಡುವೆಯೇ ತಡೆಯಲಾರದೆ ಅಂದೆ: "ಅದಕ್ಕೂ ಕರಿ ಬಣ್ಣ ಬಳಿಯಪ್ಪಾ. ಒಂದಸಲರ ಗೆಲ್ಲು!"

ಅವನು ದನಿ ತಗ್ಗಿಸಿದ. "ಉಳದಾವು ಅವ್ವಗ ಕಾಣೂದಿಲ್ರಿ ವೈನಿ. ಇದೊಂದ ಕಾಣತೈತಿ."

ಮೇಜಿನ ಪಕ್ಕದ ಕುರ್ಚಿಯಲ್ಲಿ ಅತ್ತೆಯವರು ಮಂಜು ಕವಿದ ಕಣ್ಣು ಕಿರಿದು ಮಾಡಿ ಕೌದಿಯತ್ತ ಬಾಗಿದ್ದರು. "ಕೆಂಪಂದು ಮುಂದ ಹೊಂಟೈತಿ ನೋಡ ಯಪ್ಪಾ! ಹೊಡಿ ಅವಗ!"

ಅಂದೂ ಸೋತ.

ಮರುದಿನ ಬಜಾರಿನಿಂದ ಉಗುರುಬಣ್ಣ ತಂದು ಅವನ ಕುಂಚದ ಪಕ್ಕ ಇಟ್ಟೆ. ಮೊದಲಿನದಕ್ಕಿಂತ ಇನ್ನಷ್ಟು ಕೆಂಪು ಬಣ್ಣವನ್ನೇ ಹುಡುಕಿ ತಂದಿದ್ದೆ.