ಕಾಸಿಮಸಾಬನ ಹುಟ್ಟಿದ ತಾರೀಖು

ಅರವತ್ತು ವರ್ಷಗಳಲ್ಲಿ ಯಾರೂ ಕೇಳಿರದ ಪ್ರಶ್ನೆಯೊಂದನ್ನು ನರ್ಸ್ ಭಾಗ್ಯಶ್ರೀ ಬೆಳಗಾಗುತ್ತಲೇ ಕಾಸಿಮಸಾಬನಿಗೆ ಕೇಳಿದಳು.

"ಕಾಕಾ, ನಿಮ್ಮ ಹುಟ್ಟಿದ ತಾರೀಖು ಹೇಳ್ರಿ."

ಹರ್ನಿಯಾದ ಆಪರೇಶನ್ನಿಗೆಂದು ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕೂತಿದ್ದ ಕಾಸಿಮಸಾಬ ತಬ್ಬಿಬ್ಬಾದ. ಅಮರಗೋಳದ ಮಾರ್ಕೆಟ್ ಯಾರ್ಡಿನ ಪಕ್ಕದಲ್ಲಿ ಅವನ ಲಾರಿ ಗ್ಯಾರೇಜು. ಯಾವ ಲಾರಿ ಯಾವ ವರ್ಷದ್ದು, ಅದರ ಗೇರ್‌ಬಾಕ್ಸು ಯಾವಾಗ ಬಿಚ್ಚಿದ್ದು ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ತನ್ನ ವಿಷಯದಲ್ಲಿ ಮಾತ್ರ ಇಸವಿ ಅರವತ್ತೈದು ಅನ್ನುವಷ್ಟೇ ಗೊತ್ತು.

ಜಾಕು ಎತ್ತಿ ಎತ್ತಿ ಅವನ ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಬಕ್ರೀದ್ ಕಳೆದು ಸ್ವಲ್ಪ ದಿನಕ್ಕೇ ಮಗಳು ಮುಸ್ಕಾನಳ ನಿಕಾಹ್. ಆಪರೇಶನ್ ಮಾಡುವ ದೊಡ್ಡ ಡಾಕ್ಟರು ಇವತ್ತಿನ ಕೆಲಸ ಮುಗಿಸಿ ವಿಮಾನ ಹತ್ತಿದರೆ ತಿರುಗಿ ಬರುವುದು ತಿಂಗಳಾದ ಮೇಲೆ. ಇವತ್ತು ಆಯಿತೆಂದರೆ ಮದುವೆಯಲ್ಲಿ ನೆಟ್ಟಗೆ ನಿಂತು ಬೀಗರನ್ನು ಬರಮಾಡಿಕೊಳ್ಳಬಹುದು. ಆಗದಿದ್ದರೆ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತೇ ಸಲಾಂ ಹೇಳಬೇಕು. ಅದಕ್ಕಾಗಿ ಡಾಕ್ಟರು ಹೇಳಿದಂತೆ ರಾತ್ರಿಯಿಂದ ಉಪವಾಸವಿದ್ದ. ಹೊಟ್ಟೆಯೋ ಡೀಸೆಲ್ ತೀರುತ್ತ ಬಂದ ಇಂಜಿನ್ನಿನ ಹಾಗೆ ಗೊರಗುಟ್ಟುತ್ತಿತ್ತು.

"ನಿನ್ನ ಕೈಯಾಗಿನ ಮಷೀನಿನ್ಯಾಗ ತಾರೀಖು ಇಲ್ಲೇನು, ತಂಗಿ?"

"ಐತ್ರಿ. ನನಗ ಕಾಣಾಕತ್ತೈತಿ. ಆದ್ರ ನಾ ಹೇಳಿಕೊಡೂ ಹಂಗಿಲ್ಲ, ನೀವ ಬಾಯಿ ಬಿಟ್ಟು ಹೇಳಬೇಕು. ಒಬ್ಬರ ಆಪರೇಶನ್ ಇನ್ನೊಬ್ಬರಿಗೆ ಆಗಬಾರದು ಅಂತ ಈ ಹೊಸಾ ಮಷೀನ್ ತಂದಾರ. ಹೆಸರು, ತಾರೀಖು ಎರಡೂ ಕೂಡಿದ್ರ ಹಸರು ದೀಪ. ಇಲ್ಲಂದ್ರ ಕೆಂಪು. ಮೂರು ಸಲ ಕೆಂಪಾತಂದ್ರ ಕೀಲಿ ಬೀಳತೈತಿ."

"ಗಂಟು ನಂದ ಐತಿ ಅಂತ ಬೇಕಾದ್ರ ತೋರಸ್ತೇನಿ, ನೋಡು."

"ಬ್ಯಾಡ್ರಿ ಕಾಕಾ!" ಭಾಗ್ಯಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

ಪಕ್ಕದ ಮಂಚದಲ್ಲಿ ಧಾರವಾಡದ ಬಾಳಕೃಷ್ಣ ಮಲಗಿದ್ದರು. ನಿವೃತ್ತ ಹೆಡ್‌ಕ್ಲಾರ್ಕು. ಮುರಿದ ಕಾಲನ್ನು ಡಾಕ್ಟರು ಕಟ್ಟಿ ಮೇಲೆ ತೂಗುಹಾಕಿದ್ದರು, ಬಾಯನ್ನು ಕಟ್ಟಿರಲಿಲ್ಲ.

"ಕಾಸಿಮಸಾಬ್ರ, ನಿಮ್ಮ ತಾಯಿಯವ್ರು ಏನರ ಹೇಳಿರಬೇಕಲ್ಲ? ನೆನಪು ಮಾಡ್ಕೊಳ್ರಿ."

"ನಮ್ಮವ್ವ ಹೇಳತಿದ್ಲರಿ. ಹೋಳಿ ಹುಣ್ಣಿವಿಗೆ ಇನ್ನ ಎರಡು ದಿನ ಇತ್ತು, ಕಾಮನ ಸುಡಾಕಂತ ಹುಡುಗೂರು ನಮ್ಮ ಮನಿ ಬಾಗಲಾ ಕದ್ದು ಒಯ್ದಿದ್ರು, ಬಾಗಲಾ ಇಲ್ಲದ ಮನ್ಯಾಗ ನೀ ಹುಟ್ಟೀದಿ ಅಂತ."

ಬಾಳಕೃಷ್ಣ ಮೊಬೈಲಿನಲ್ಲಿ ಹಳೆಯ ಪಂಚಾಂಗ ಹುಡುಕಿ, ಬೆರಳು ಮಡಚಿ ಎಣಿಸಿ, "ಮಾರ್ಚ್ ಹದಿನೈದು ಅನ್ರಿ, ಧೈರ್ಯದಿಂದ ಅನ್ರಿ," ಎಂದರು. ಕಾಸಿಮಸಾಬ ಧೈರ್ಯದಿಂದಲೇ ಅಂದ. ಕೆಂಪು ದೀಪ ಹತ್ತಿತು.

ಕಮರಿಪೇಟೆಯ ಮನೆಗೆ ಫೋನು ಹೋಯಿತು. ಆಧಾರ್ ಕಾರ್ಡನ್ನು ಮಗ ಶಾಹಿದ ನಿನ್ನೆ ಇಲ್ಲಿ ತೋರಿಸಿ ತನ್ನ ಜೇಬಿನಲ್ಲೇ ಇಟ್ಟುಕೊಂಡು ಲಾರಿ ಸಾಮಾನು ತರಲು ಬೆಳಗಾವಿಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ. ಹೆಂಡತಿ ನಜ್ಮಾ ಟ್ರಂಕು ಕೆದಕಿ ಡ್ರೈವಿಂಗ್ ಲೈಸೆನ್ಸು ತೆಗೆದಳು.

"ಇದರಾಗ ಆಗಸ್ಟ್ ಹದಿನೈದು ಐತಿ ನೋಡ್ರಿ."

"ಅದು ಏಜೆಂಟ್ ಬರದದ್ದು. ನೆನಪ ಇಡಾಕ ಸಸಾರ ಆಗತೈತಿ ಅಂತ ಝಂಡಾ ಹಾರಸೂ ದಿನಾ ಹಾಕ್ಯಾನ."

"ಹಾಕಿದ್ರ ಹಾಕ್ಯಾನ. ಸರಕಾರದ ಸಿಕ್ಕಾ ಬಿದ್ದೈತೋ ಇಲ್ಲೋ? ಅದನ್ನ ಹೇಳ್ರಿ," ಎಂದಳು ನಜ್ಮಾ.

ಎರಡನೆಯ ಕೆಂಪು ದೀಪ.

"ಈಗ ಸುಮ್ಮನ ನನ್ನ ಮಾತು ಕೇಳ್ರಿ," ಬಾಳಕೃಷ್ಣ ತಲೆದಿಂಬಿನಿಂದ ಕತ್ತೆತ್ತಿದರು. "ನಾ ನಲವತ್ತು ವರ್ಷ ಆಫೀಸಿನ್ಯಾಗ ಕೆಲಸಾ ಮಾಡೇನಿ. ತಾರೀಖು ಗೊತ್ತಿರಲಿಲ್ಲಂದ್ರ ಕಂಪ್ಯೂಟರ್‌ನವ್ರು ಜನವರಿ ಒಂದು ಅಂತ ಹೊಡದು ಮುಂದ ಹೋಗ್ತಾರ."

ಭಾಗ್ಯಶ್ರೀ ಇಬ್ಬರನ್ನೂ ನೋಡಿದಳು. ಅವಳ ಮುಖ, ತಮ್ಮನು ಪರೀಕ್ಷೆಯಲ್ಲಿ ತಪ್ಪು ಬರೆಯುವುದನ್ನು ನೋಡುತ್ತ ಬಾಗಿಲಲ್ಲಿ ನಿಂತ ಅಕ್ಕನ ಮುಖದ ಹಾಗಾಗಿತ್ತು. ಆದರೂ ಕಾಸಿಮಸಾಬ ಜನವರಿ ಒಂದು ಅಂದುಬಿಟ್ಟ. ಮಷೀನು ಕೊಂಯ್ ಎಂದು ಕೂಗಿ ಬಾಯಿ ಮುಚ್ಚಿಕೊಂಡಿತು.

"ಕೀಲಿ ಬಿತ್ತ್ರಿ," ಎಂದು ಅವಳು ಸಾಹೇಬರನ್ನು ಕರೆಯಲು ಓಡಿದಳು.

ಸಾಹೇಬರಿಗಿಂತ ಮೊದಲು ವಾಚ್‌ಮನ್ ಬಂದ. ಅವನ ಕೈಯಲ್ಲೂ ಒಂದು ಮಷೀನಿತ್ತು.

"ಈ ಕಾಟು ಖಾಲಿ ಅಂತ ತೋರಸಾಕತ್ತೈತಿ. ನೀವ್ಯಾರು?"

"ಕಾಸಿಮಸಾಬ. ಪೇಶಂಟ್ ಅದೇನಿ."

"ಪೇಶಂಟ್ ಇಲ್ಲಂತೈತಿ ಇದು. ಪೇಶಂಟ್ ಅಲ್ಲಂದ್ರ ನೀವು ನೋಡಾಕ ಬಂದವ್ರು. ನೋಡಾಕ ಬರೂ ಟೈಮ್ ಸಂಜಿಮುಂದ. ಹೊರಗ ನಡೀರಿ."

ಹಸಿರು ಅಂಗಿಯ ಹಿಂಭಾಗವನ್ನು ಒಂದು ಕೈಯಲ್ಲಿ, ಮುಂದಿನ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕಾಸಿಮಸಾಬ ಕೆಳಗಿನ ಹಾಲ್‌ನಲ್ಲಿ ಕಂಬಕ್ಕೆ ಬೆನ್ನು ಹಚ್ಚಿ ನಿಂತ. ಅಷ್ಟೊತ್ತಿಗೆ ಉಣಕಲ್ಲಿನ ಲಾರಿ ಡ್ರೈವರ್ ಶ್ರೀರಂಗ, ಯಾರಿಗೋ ಔಷಧ ತಂದುಕೊಡಲು ಬಂದವನು, ದೂರದಿಂದಲೇ ಕೂಗಿದ.

"ಏ ಚಾಚಾ! ಆಪರೇಶನ್ ಆತೇನು? ಇಷ್ಟ ಲಗೂ ನಿಂದರಿಸ್ಯಾರ! ಎಂಥಾ ಡಾಕ್ಟರ್ ಅದಾರಪಾ!"

"ಇನ್ನೂ ಆಗಿಲ್ಲೋ. ನಾನು ನಾನ ಹೌದೋ ಅಲ್ಲೋ ಅಂತ ನೋಡಾಕತ್ತಾರ."

ಶ್ರೀರಂಗ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀನ ಇದ್ದಂಗ ಕಾಣ್ತೀಪಾ," ಎಂದು ಸಾಕ್ಷಿ ಹೇಳಿದ. ಅದನ್ನು ಬರೆದುಕೊಳ್ಳುವ ಮಷೀನು ಅಲ್ಲಿರಲಿಲ್ಲ.

ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ಪ್ರಬುದ್ಧ ಎಂಬ ಸಾಹೇಬರು ಓಡಿಬಂದು, ಕ್ಷಮೆ ಕೇಳಿ, ಅವನನ್ನು ತಿರುಗಿ ಮಂಚಕ್ಕೆ ಕರೆದೊಯ್ದರು. ಹೆಬ್ಬೆರಳು ಒತ್ತಿಸಿದರೆ ಕೀಲಿ ತೆಗೆಯಬಹುದಿತ್ತು. ಆದರೆ ನಟ್ಟು ಬಿಚ್ಚುವ ಪಾನಾ, ಗ್ರೀಸು, ಅರದಲ್ಲಿ ಸವೆದು ಕಾಸಿಮಸಾಬನ ಹೆಬ್ಬೆರಳು ಹಳೆಯ ಟೈರಿನಷ್ಟು ನುಣ್ಣಗಾಗಿತ್ತು. ಹತ್ತೂ ಬೆರಳು ಆದವು. ಒಂದರ ಗುರುತೂ ಮೂಡಲಿಲ್ಲ.

"ನನ್ನ ಪಾಸ್‌ವರ್ಡ್ ಹಾಕಿ ಇನ್ನ ಒಂದ ಒಂದು ಸಲ ಕೇಳಬಹುದು," ಪ್ರಬುದ್ಧ ಬೆವರು ಒರೆಸಿಕೊಂಡರು. "ಇದೂ ತಪ್ಪಿದ್ರ ಡಾಕ್ಟರು ಮುಂದಿನ ಪೇಶಂಟ್ ತೊಗೋತಾರ."

ಕಾಸಿಮಸಾಬನ ಕಣ್ಣ ಮುಂದೆ ಮದುವೆಯ ಶಾಮಿಯಾನಾ, ಅದರ ಬಾಗಿಲಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ತಾನು, ಎಲ್ಲ ಬಂದು ಹೋದವು.

ಬಾಳಕೃಷ್ಣ ಮೆಲ್ಲಗೆ ಕೇಳಿದರು. "ನೀವು ಸಾಲಿಗೆ ಹೋಗಿದ್ರೇನು?"

"ಮೂರನೇ ಇಯತ್ತಾ ತನಕ ಹೋಗಿದ್ನಿ. ಮಾಸ್ತರ ಹೊಡದ್ರು, ಬಿಟ್ಟೆ."

"ಅಯ್ಯ, ಮೊದಲ ಹೇಳಬಾರದೇನು! ನಮ್ಮಪ್ಪನೂ ಮಾಸ್ತರ ಇದ್ದರು. ತಾರೀಖು ಗೊತ್ತಿಲ್ಲದ ಹುಡುಗೂರನ್ನೆಲ್ಲಾ ಸಾಲಿ ಚಾಲೂ ಆಗೂ ದಿನಾನ ಹುಟ್ಟಸ್ತಿದ್ರು. ಅರ್ಧಾ ತಾಲೂಕು ಜೂನ್ ಒಂದಕ್ಕ ಹುಟ್ಟೇದ. ಸಾಲಿ ದಾಖಲೆದಾಗಿನ ತಾರೀಖನ ನಿಮ್ಮ ಆಧಾರ್‌ನ್ಯಾಗೂ ಬಂದಿರ್ತದ. ಅನ್ರಿ!"

"ಜೂನ್ ಒಂದು, ಅರವತ್ತೈದು," ಎಂದು ಕಾಸಿಮಸಾಬ ಕಣ್ಣು ಮುಚ್ಚಿದ.

ಹಸಿರು ದೀಪ. ಭಾಗ್ಯಶ್ರೀ ಆಪರೇಶನ್ ಥಿಯೇಟರಿಗೆ ಸುದ್ದಿ ಹೇಳಲು ಹೋದಳು. ಪ್ರಬುದ್ಧ ಅವನ ಕೈ ಕುಲುಕಿ ಹೋದರು.

ಬೀಗ ತೆರೆದದ್ದೇ ತಡ, ಬೆಳಗಿನಿಂದ ಅವನ ಹೆಸರಿನಲ್ಲಿ ಮಷೀನಿನೊಳಗೆ ತಡೆದು ನಿಂತದ್ದೆಲ್ಲ ಹೊರಟಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಸುಮಲತಾ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಕೆನೆ ಹಚ್ಚಿದ ಕೇಕು.

"ಹುಟ್ಟಿದ ಹಬ್ಬದ ಶುಭಾಶಯ ರೀ ಕಾಕಾ! ಇವತ್ತ ಜೂನ್ ಒಂದಲ್ಲ? ಪೇಶಂಟ್‌ರ ಹುಟ್ಟಿದ ದಿನಾ ಇದ್ರ ಮಷೀನು ತಾನ ಕೇಕ್ ಬರಿತೈತಿ."

ಕಾಸಿಮಸಾಬನ ಬಾಯಲ್ಲಿ ನೀರೂರಿತು. ಆದರೂ ತಡೆದುಕೊಂಡ. "ನಾ ತಿನ್ನಬಹುದೇನು ತಂಗಿ? ಉಪಾಸ ಇರ್ರಿ ಅಂದಿದ್ರು."

ಸುಮಲತಾ ಆಸ್ಪತ್ರೆಯವರು ಅವನಿಗೆ ಕಟ್ಟಿದ್ದ ಕೈಪಟ್ಟಿಯ ಮೇಲೆ ಮಷೀನು ಹಿಡಿದಳು. ಹಸಿರು ದೀಪ. "ಕೊಡು ಅಂತೈತಿ ನೋಡ್ರಿ. ನನ್ನ ಮಾತಲ್ಲ, ಮಷೀನಿನ ಮಾತು."

ಬೆಳಗಿನಿಂದ ತಾಯಿಯ ಮಾತು ತಪ್ಪಾಗಿತ್ತು, ಲೈಸೆನ್ಸು ತಪ್ಪಾಗಿತ್ತು, ಅವನ ಬೆರಳುಗಳೇ ತಪ್ಪಾಗಿದ್ದವು. ತಪ್ಪದೆ ಉಳಿದದ್ದು ಮಷೀನು ಒಂದೇ. ಕಾಸಿಮಸಾಬ ಬಿಸ್ಮಿಲ್ಲಾ ಎಂದು ಮೂರೇ ತುತ್ತಿನಲ್ಲಿ ಕೇಕು ಮುಗಿಸಿದ.

ಭಾಗ್ಯಶ್ರೀ ತಳ್ಳುಮಂಚ ತಂದಳು. ಹೆಸರು ಕೇಳಿದಳು, ಹೇಳಿದ. ತಾರೀಖು ಕೇಳಿದಳು, ಪಾಠ ಒಪ್ಪಿಸಿದಂತೆ ಹೇಳಿದ.

"ಕಡೀಕ ಒಂದು ಪ್ರಶ್ನೆ. ರಾತ್ರಿಯಿಂದ ಏನೂ ತಿಂದಿಲ್ಲಲ್ಲ?"

ಕಾಸಿಮಸಾಬ ಮೀಸೆಯ ಮೇಲಿನ ಕೆನೆ ಒರೆಸಿಕೊಂಡ. ಅದನ್ನು ನೋಡಿದ ಮೇಲೆ ಭಾಗ್ಯಶ್ರೀಗೆ ಉತ್ತರ ಬೇಕಾಗಿರಲಿಲ್ಲ.

ಡಾಕ್ಟರು ಮುಂದಿನ ಪೇಶಂಟನ್ನು ತೆಗೆದುಕೊಂಡು, ಆಮೇಲೆ ವಿಮಾನಕ್ಕೆ ಹೋದರು. ಪ್ರಬುದ್ಧ ತಿರುಗಿ ಬಂದು ತಲೆ ಕೆರೆದುಕೊಂಡರು. "ಹುಟ್ಟಿದ ಹಬ್ಬದ್ದು ಒಂದು ಕಂಪನಿ ಮಾಡೇದ, ಉಪವಾಸದ್ದು ಇನ್ನೊಂದು ಕಂಪನಿ. ಅವೆರಡೂ ಒಂದಕ್ಕೊಂದು ಮಾತಾಡಂಗಿಲ್ರಿ."

"ಯಾಕ್ರಿ, ಹೊಲಾ ಪಾಲು ಮಾಡ್ಕೊಂಡ ಅಣ್ಣತಮ್ಮಂದ್ರೇನು?" ಎಂದ ಕಾಸಿಮಸಾಬ.

"ಆದ್ರ ಒಂದು ಲಕ್ಷ್ಯಕ್ಕ ತೊಗೋರಿ. ಕಡೀ ಪ್ರಶ್ನೆ ಇರಲಿಲ್ಲಂದ್ರ ತಿಂದ ಹೊಟ್ಟಿ ಮ್ಯಾಲ ಎಚ್ಚರ ತಪ್ಪಸೂ ಔಷಧ ಕೊಡತಿದ್ರು. ಮಷೀನು ನಿಮ್ಮ ಜೀವಾ ಉಳಿಸ್ತು."

ಉಳಿದ ಜೀವಕ್ಕೆ ಈಗ ವಿಪರೀತ ಹಸಿವೆ. ಮಧ್ಯಾಹ್ನ ಸುಮಲತಾ ಊಟದ ಗಾಡಿ ತಂದಳು. ಬಾಳಕೃಷ್ಣರಿಗೆ ಚಪಾತಿ, ಪಲ್ಯ, ಅನ್ನ ಬಂತು. ಕಾಸಿಮಸಾಬನ ಕೈಪಟ್ಟಿಗೆ ಮಷೀನು ಹಿಡಿದಾಗ ಕೆಂಪು ದೀಪ.

"ಆಪರೇಶನ್ ಪೇಶಂಟ್, ಏನೂ ಕೊಡಬ್ಯಾಡ ಅಂತೈತ್ರಿ."

"ಆಪರೇಶನ್ ರದ್ದಾತಲ್ಲ!"

"ಅದು ಇನ್ನೂ ಅಡಗಿಮನಿ ಮಷೀನಿಗೆ ಬಂದಿಲ್ರಿ. ಸಂಜಿಗೆ ಬರಬಹುದು."

ಬಾಳಕೃಷ್ಣ ಚಪಾತಿ ಮುರಿಯುತ್ತಿದ್ದವರು ಕೈ ತಡೆದರು. "ಸುಮಲತಾ, ಊಟ ಬ್ಯಾಡಂದ್ರ ಬ್ಯಾಡ. ಹುಟ್ಟಿದ ಹಬ್ಬದ ಬಾಜೂನಾಗ ಕೇಳಿ ನೋಡು, ಇನ್ನೊಂದು ಕೇಕರ ಬರ್ತದೇನೋ."

"ತಾರೀಖು ಹೇಳ್ರಿ ಕಾಕಾ," ಎಂದಳು ಸುಮಲತಾ.

ಕಾಸಿಮಸಾಬ ಹೇಳಿದ. ಈ ಸಲ ಒಂದಂಕಿಯೂ ತಪ್ಪಲಿಲ್ಲ. ಹಸಿರು ದೀಪ ಹತ್ತಿತು. ಅದರ ಕೆಳಗೆ ಮೂಡಿದ ಸಾಲನ್ನು ಸುಮಲತಾ ಓದಿದಳು: "ಇವರ ಕೇಕು ಕೊಟ್ಟಾಗಿದೆ. ಮುಂದಿನ ವರ್ಷ ಬನ್ನಿ."