ಕಾಕಾನ ಧ್ವನಿ ಸುಧಾರಣೆ

ನಮ್ಮ ಕಾಕಾನ ಮನೆಗೆ ಎರಡು ಕಿವಿ ಹೊತ್ತುಕೊಂಡು ಹೋದವರು ಎರಡನ್ನೂ ಕ್ಷೇಮವಾಗಿ ವಾಪಸು ತಂದದ್ದನ್ನು ನಾನಂತೂ ಕಂಡಿಲ್ಲ. ನೀವು ನಗಬಹುದು. ಇಂಡಿ ಊರಿನ ಅವರ ಓಣಿಯಲ್ಲಿ ನಿಮ್ಮ ಮನೆ ಇಲ್ಲವಲ್ಲ, ನಗಿರಿ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಡ್ರಿಲ್ ಮಾಸ್ತರರಾಗಿ ಆಯುಷ್ಯವೆಲ್ಲ ಸೀಟಿ ಊದಿ ನಿವೃತ್ತರಾದವರು. ಒಂದೇ ಸ್ವರದಲ್ಲಿ ಜೀವನ ಕಳೆದ ಮನುಷ್ಯ ಮುಂದೆಯಾದರೂ ಸುಮ್ಮನಿರಬಾರದೆ? ಇಲ್ಲ! ಹಳೆಯದೊಂದು ಕಂಪ್ಯೂಟರ್ ತಂದರು, ಎರಡು ಸ್ಪೀಕರ್ ಹಚ್ಚಿದರು. ದನಿಯನ್ನು ತಿದ್ದುವ ಸಾಫ್ಟ್‌ವೇರ್ ಒಂದಿದೆ ಎಂದು ಯಾವ ಪಾಪಿ ತೋರಿಸಿಕೊಟ್ಟನೋ, ಅಂದಿನಿಂದ ಭೂಮಿಯ ಮೇಲಿನ ಯಾವ ದನಿಯೂ ಇದ್ದ ಹಾಗೆ ಅವರಿಗೆ ಸೇರಲಿಲ್ಲ.

ಮೊದಲು ಬೇಸ್ ಹಿಡಿದರು. ಭಜನೆಯೊಂದನ್ನು ಹಚ್ಚಿ, ಗುಮ್ಮೆನ್ನುವ ದನಿಯನ್ನು ತುದಿಮುಟ್ಟ ಏರಿಸಿದರು. ಅಡುಗೆಮನೆಯ ಡಬ್ಬಿಗಳು ತಾವಾಗಿಯೇ ನಡೆಯತೊಡಗಿದವು. ಶೇಂಗಾ ಚಟ್ನಿಪುಡಿಯ ಡಬ್ಬಿ ನೆಲಕ್ಕೆ ಬಿದ್ದು ಮುಗಿಯಿತು. ಪಕ್ಕದ ಮನೆಯವರು ಗಾಬರಿಯಾಗಿ ಓಡಿ ಬಂದರು.

"ಮಾಸ್ತರ, ಬೋರ್ ಕೊರಸಾಕತ್ತೀರೇನ್ರಿ? ನಮ್ಮ ಬೋರಿನ ನೀರು ಹೋದೀತು!"

ಆಮೇಲೆ ನನ್ನ ಸರದಿ. ನಾನು ಸಿಂದಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಮಕ್ಕಳಿಗೆ ಕಳಿಸಲೆಂದು ಒಂದು ಪಾಠವನ್ನು ಮೊಬೈಲಿನಲ್ಲಿ ಮುದ್ರಿಸಿದ್ದೆ. ಫ್ಯಾನಿನ ಸದ್ದು ಬಂದಿತ್ತು. ತೆಗೆದುಕೊಡುತ್ತೇನೆಂದು ಕಾಕಾ ತಾವೇ ಮುಂದೆ ಬಂದರು.

"ನಿನ್ನ ದನಿ ಭಾಳ ಸಪ್ಪ ಐತೆಪಾ. ಒಂದೀಟು ಉಪ್ಪು ಖಾರ ಹಾಕ್ತೇನಿ."

ಹಾಕಿದರು. ಅದರ ಹೆಸರು ಎಕೋ. ನನ್ನ ಪಾಠದಲ್ಲಿ ಸತ್ತ ಸುಲ್ತಾನ ಸತ್ತ, ಸತ್ತ, ಸತ್ತ ಎಂದು ಗೋಡೆಯಿಂದ ಗೋಡೆಗೆ ಬಡಿದು ಸಾಯುತ್ತಲೇ ಹೋದ. ಮರುದಿನ ತರಗತಿಗೆ ಕಾಲಿಡುವುದೇ ತಡ, ಹಿಂದಿನ ಬೆಂಚಿನಿಂದ ಪ್ರಶ್ನೆ: "ಸರ್, ಗೋಳಗುಮ್ಮಟದಾಗ ನಿಂತು ಪಾಠ ಮಾಡೀರೇನ್ರಿ?"

ಇಷ್ಟಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬಸವನ ಬಾಗೇವಾಡಿಯಲ್ಲಿ ನನ್ನ ತಂಗಿಯ ಮಗನನ್ನು ತೊಟ್ಟಿಲಿಗೆ ಹಾಕಿದರು. ಮನೆಯ ಹೆಣ್ಣುಮಕ್ಕಳೆಲ್ಲ ಜೋಗುಳ ಹಾಡಿದ್ದನ್ನು ಕಾಕಾ ಮುದ್ರಿಸಿಕೊಂಡರು. ಮನೆಗೆ ಹೋಗಿ, ಗದ್ದಲ ತೆಗೆಯುವ ಗುಂಡಿಯನ್ನು ಒತ್ತಿದರು. ಸಮಾಧಾನವಾಗಲಿಲ್ಲ, ಮತ್ತೆ ಒತ್ತಿದರು. ಕೊನೆಗೆ ಹೆಂಗಸರು ಬಾವಿಯ ತಳದಲ್ಲಿ ಗುಳುಗುಳು ಅನ್ನುತ್ತಿದ್ದರು. ಕೂಸಿನ ಅಳು? ಅದನ್ನು ಕಂಪ್ಯೂಟರ್ ಗದ್ದಲವೆಂದೇ ತಿಳಿದು ಬೇರು ಸಮೇತ ಕಿತ್ತುಹಾಕಿತ್ತು! ಮೂಲ ಪ್ರತಿಯೂ ಉಳಿದಿರಲಿಲ್ಲ. ಅದರ ಮೇಲೆಯೇ ಸುಧಾರಿತ ಪ್ರತಿಯನ್ನು ಉಳಿಸಿ ಕೈತೊಳೆದುಕೊಂಡಿದ್ದರು.

"ಅಣ್ಣಾ, ನನ್ನ ಮಗನ ದನಿನ ಇಲ್ಲಲ್ಲೋ," ಎಂದು ತಂಗಿ ಫೋನಿನಲ್ಲಿ ಅತ್ತಳು.

ಇನ್ನು ತಡೆಯಲಾಗಲಿಲ್ಲ. ಆ ಕಂಪ್ಯೂಟರಿನ ವೈರು ಕಿತ್ತೇ ಬರುವುದೆಂದು ಇಂಡಿಯ ಬಸ್ಸು ಹತ್ತಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಬಾಯಿ ತೆರೆದೆ. ಕಾಕಾ ಕೈಯೆತ್ತಿ ತಡೆದರು.

ಕಂಪ್ಯೂಟರಿನ ಮುಂದೆ ಕಾಕಿ ಕುಳಿತಿದ್ದರು. ತಲೆಯ ಸೆರಗಿನ ಮೇಲೆ ದೊಡ್ಡ ಹೆಡ್‌ಫೋನು. ಕಾಕಾ ಪರದೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ಪ್ರತಿ ಸಲವೂ ಹೆಂಡತಿಯ ಮುಖ ನೋಡುವುದು, ಹುಬ್ಬು ಹಾರಿಸುವುದು. ಕಾಕಿ ಇಲ್ಲವೆಂದು ತಲೆಯಾಡಿಸುವುದು.

"ನಿಮ್ಮ ಕಾಕಿಗಿ ಸಣ್ಣ ದನಿ ಕೇಳೂದ ನಿಂತೈತೆಪಾ," ಎಂದರು ಕಾಕಾ. "ಹೋದ ಕಿವಿ ಹಿಂದಕ್ಕ ಬರಂಗಿಲ್ಲ ಅಂದಾರ ಡಾಕ್ಟರ್. ಕಿವಿಗೆ ಹಾಕೂ ಮಶೀನು ಕುಂಯ್ ಅಂತೈತಿ ಅಂತ ತಗದ ಇಡ್ತಾಳ. ಮುದ್ದೇಬಿಹಾಳದಿಂದ ಮಗಳು ಫೋನ್ ಮಾಡಿದ್ರ ನನ್ನ ಕೈಗೆ ಕೊಟ್ಟು ಒಳಗ ಹೋಗಿಬಿಡ್ತಾಳ. ಯಾವುದು ಎಷ್ಟು ಏರಿಸಿದ್ರ ಆಕಿ ಮಾತು ಇಕಿಗಿ ತಿಳಿತೈತಿ ಅಂತ ಹುಡುಕಾಕತ್ತೇನಿ."

"ಮತ್ತ ನಮ್ಮವೆಲ್ಲಾ?"

"ನಿಮ್ಮವು ಕೆಟ್ಟೂವು, ಖರೆ. ಎಲ್ಲೆರ ಕಲಿಬೇಕಿತ್ತಲ್ಲಪಾ?"

ಅಷ್ಟರಲ್ಲಿ ಅವರು ಮತ್ತೊಂದು ಗೆರೆಯನ್ನು ತುಸು ಮೇಲೆತ್ತಿದರು. ಮಗಳು ಮೊಬೈಲಿಗೆ ಮಾತಾಡಿ ಕಳಿಸಿದ್ದನ್ನು ಮೊದಲಿನಿಂದ ಹಚ್ಚಿದರು. ಹೆಡ್‌ಫೋನಿನಿಂದ ಸೋರಿ ಬಂದದ್ದು ನನಗೂ ಕೇಳಿಸಿತು. ಡಬ್ಬಿಯೊಳಗೆ ಕೂತು ಮಾತಾಡಿದಂಥ ಚೂಪು ದನಿ: "ಅವ್ವಾ, ಉಪ್ಪಿನಕಾಯಿಗಿ ಸಾಸಿವಿ ಹುರಿಬೇಕೇನು?"

ಕಾಕಿಯ ಕೈ ಗಪ್ಪನೆ ಕಿವಿಗೆ ಹೋಯಿತು. ಮಗಳು ಎದುರಿಗೇ ಕುಳಿತಿದ್ದಾಳೆಂಬಂತೆ ಪರದೆಯತ್ತ ಬಾಗಿದರು.

"ಹುರಿಬ್ಯಾಡ ನನ್ನವ್ವಾ! ಬಿಸಲಿಗಿ ಒಣಗಿಸಿ ಕುಟ್ಟು. ಕೂಸು ಉಣ್ಣಾಕತ್ತೈತಿಲ್ಲೋ? ನಿನ್ನ ಸೊಂಟದ ನೋವು ಹೆಂಗೈತಿ?..."

ಎಷ್ಟು ದಿನದಿಂದ ಕೂಡಿಟ್ಟ ಪ್ರಶ್ನೆಗಳೋ, ನಿಲ್ಲಲೇ ಇಲ್ಲ. ಕಾಕಾ ಅವಸರದಿಂದ ಮೊಬೈಲ್ ತೆಗೆದು, ಮಗಳಿಗೆ ಕಳಿಸಲೆಂದು ಕಾಕಿಯ ಬಾಯಿಯ ಹತ್ತಿರ ಹಿಡಿದರು.

ಹೊರಗೆ ಯಾರೋ ಬಾಗಿಲು ಬಡಿದರು. ನಾನು ಓಡಿಹೋಗಿ, ತುಟಿಯ ಮೇಲೆ ಬೆರಳಿಟ್ಟು ಅವರನ್ನು ಕಟ್ಟೆಯ ಮೇಲೆ ಕೂಡಿಸಿದೆ.